ಜೆಂಟಿಸಿಕ್ ಆಮ್ಲವೂ ನನ್ನ ಡಾಕ್ಟರಿಕೆಯೂ

ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಧಾರಾವಾಹಿಯ ಚಟ. ನನಗಿರುವುದು ಸಲಹೆ ಕೊಡುವ ಚಟ. ನನ್ನೆದುರು ಯಾರಾದರೂ ಒಮ್ಮೆ ಕೆಮ್ಮಿದರೆ ಸಾಕು, ಅವರು ಎರಡನೆಯ ಸಲ ಕೆಮ್ಮುವಷ್ಟರಲ್ಲಿ ಗುಳಿಗೆಯ ಹೆಸರು, ದಿನಕ್ಕೆ ಎಷ್ಟು, ಊಟಕ್ಕೆ ಮುಂಚೆಯೋ ಆಮೇಲೋ ಎಲ್ಲವನ್ನೂ ಹೇಳಿ ಮುಗಿಸಿರುತ್ತೇನೆ. ನಾನು ಡಾಕ್ಟರಲ್ಲ. ಓದಿದ್ದು ರಸಾಯನಶಾಸ್ತ್ರ. ಈ ಚಟ ರಕ್ತದಲ್ಲೇ ಬಂದದ್ದಿರಬೇಕು. ಮಾನ್ವಿಯಲ್ಲಿ ನಮ್ಮ ತಂದೆ ಮಕ್ಕಳಿಗೆ ಸಂಸ್ಕೃತ ಹೇಳಿಕೊಡುತ್ತಿದ್ದರು. ಕಲಿಯಲು ಬಂದವರಿಗಷ್ಟೇ ಅಲ್ಲ, ಹಾಲು ಹಾಕಲು ಬಂದವರಿಗೂ ಒಂದಿಷ್ಟು ವಿಭಕ್ತಿ ಪ್ರತ್ಯಯ ಕಲಿಸಿ ಕಳಿಸುತ್ತಿದ್ದರು. ನನ್ನ ಗಂಡನಂತೂ ತಲೆನೋವು ಬಂದರೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಗುಳಿಗೆ ನುಂಗುತ್ತಾರೆ. ನನಗೆ ಗೊತ್ತಾದರೆ ತಲೆನೋವಿನ ಜೊತೆ ಉಪನ್ಯಾಸವನ್ನೂ ನುಂಗಬೇಕಾಗುತ್ತದೆ ಎಂಬ ಭಯ ಅವರಿಗೆ.

ಇಷ್ಟು ದಿನ ಇದನ್ನೊಂದು ತಮಾಷೆಯೆಂದೇ ತಿಳಿದಿದ್ದೆ. ಈಗ ಹೇಳಲು ಹೊರಟಿರುವುದು ಅದು ತಮಾಷೆಯಾಗಿ ಉಳಿಯದೆ ಹೋದ ಕಥೆ.

ರಾಯಚೂರಿನಲ್ಲಿ ಅಕ್ಕಿ ಗಿರಣಿಗಳು ಲೆಕ್ಕವಿಲ್ಲದಷ್ಟು. ಗಿರಣಿ ಇದ್ದಲ್ಲಿ ತೌಡು ಇದ್ದೇ ಇರುತ್ತದೆ. ಆ ತೌಡಿನಲ್ಲಿ ಫಿನಾಲ್ ಜಾತಿಯ ಪದಾರ್ಥಗಳು ಎಷ್ಟಿವೆ ಎಂದು ಅಳೆಯುವುದು ನಮ್ಮ ಪ್ರಯೋಗಾಲಯದ ಕೆಲಸ. ಈ ಪದಾರ್ಥಗಳು ದೇಹಕ್ಕೆ ಒಳ್ಳೆಯವೆಂದು ಹೇಳುತ್ತಾರೆ. ಆದರೆ ಅವು ತೌಡಿನ ನಾರಿಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತವೆ. ಅವನ್ನು ಬಿಡಿಸಲು ತೌಡನ್ನು ಕ್ಷಾರದಲ್ಲಿ ನೆನೆಹಾಕಬೇಕು, ಆಮೇಲೆ ಹುಳಿ ಮಾಡಿ, ಸೋಸಿ, ಯಂತ್ರಕ್ಕೆ ಕೊಡಬೇಕು. ಯಂತ್ರ ಒಂದೊಂದನ್ನೂ ಬೇರೆ ಮಾಡಿ, ಕಾಗದದ ಮೇಲೆ ಒಂದೊಂದಕ್ಕೂ ಒಂದು ಗುಡ್ಡ ಬರೆಯುತ್ತದೆ. ಯಾವ ಗುಡ್ಡ ಯಾರದು ಎಂದು ತಿಳಿಯಲು ಹೆಸರು ಗೊತ್ತಿರುವ ಶುದ್ಧ ಪದಾರ್ಥಗಳನ್ನು ಮೊದಲೇ ಓಡಿಸಿ ನೋಡಿಕೊಂಡಿರಬೇಕು. ಅಂಥ ಶುದ್ಧ ಪದಾರ್ಥಗಳಲ್ಲಿ ಒಂದು ಜೆಂಟಿಸಿಕ್ ಆಮ್ಲ. ನೋಡಲು ಉಪ್ಪಿನಂಥ ಬಿಳಿ ಪುಡಿ, ಸ್ವಭಾವ ಮಾತ್ರ ಮಹಾ ಸೂಕ್ಷ್ಮ. ಕ್ಷಾರದಲ್ಲಿರುವಾಗ ಒಂದಿಷ್ಟು ಗಾಳಿ ತಾಗಿದರೆ ಸಾಕು, ಕಂದು ಬಣ್ಣಕ್ಕೆ ತಿರುಗಿ ಕೆಟ್ಟುಹೋಗುತ್ತದೆ. ನಮ್ಮ ವಿಧಾನ ಸರಿಯಿದೆಯೇ ಎಂದು ಪರೀಕ್ಷಿಸಲು ತೌಡಿಗೆ ಗೊತ್ತಿರುವಷ್ಟು ಜೆಂಟಿಸಿಕ್ ಆಮ್ಲ ಬೆರೆಸಿ, ಕೊನೆಯಲ್ಲಿ ಅಷ್ಟೂ ಮರಳಿ ಸಿಗುತ್ತದೆಯೇ ಎಂದು ನೋಡುತ್ತಿದ್ದೆವು. ಸಿಗುತ್ತಿರಲಿಲ್ಲ. ಒಂದು ವಾರ ಮುಕ್ಕಾಲು, ಇನ್ನೊಂದು ವಾರ ಅರ್ಧ. ಉಳಿದದ್ದೆಲ್ಲ ಕಂದು ನೀರು.

ಈ ಕೆಲಸ ಮಾಡುತ್ತಿದ್ದವಳು ರಜಿಯಾ. ದೇವದುರ್ಗದವಳು, ನಮ್ಮಲ್ಲಿ ಹಿರಿಯ ತಂತ್ರಜ್ಞೆ. ಅವಳ ಗಂಡ ದಸ್ತಗೀರ್ ರಾಯಚೂರಿನ ಬಜಾರಿನಲ್ಲಿ ಬಟ್ಟೆ ಹೊಲಿಯುತ್ತಾನೆ. ಅವಳ ಕೈ ನಮ್ಮ ತಕ್ಕಡಿಗಿಂತ ನಂಬಿಕಸ್ತ. ಚಮಚದ ತುದಿಯನ್ನು ಎರಡು ಸಲ ತಟ್ಟಿದಳೆಂದರೆ ಬೇಕಾದಷ್ಟು ಪುಡಿ ಬಿದ್ದಿರುತ್ತಿತ್ತು. ಅಂಥವಳ ಕೈಯಲ್ಲಿ ಜೆಂಟಿಸಿಕ್ ಆಮ್ಲ ಏಕೆ ಕೆಡುತ್ತಿದೆ ಎಂದು ಒಂದು ದಿನ ಬಾಗಿಲ ಮರೆಯಲ್ಲಿ ನಿಂತು ನೋಡಿದೆ. ಕ್ಷಾರ ಹಾಕಿ, ಇನ್ನೇನು ಮುಚ್ಚಳ ಬಿಗಿಮಾಡಬೇಕು, ಅಷ್ಟರಲ್ಲಿ ಅವಳ ಮುಖ ಕುತ್ತಿಗೆಯಿಂದ ಹಣೆಯವರೆಗೆ ಕೆಂಪೇರಿತು. ಸೀಸೆಯನ್ನು ತೆರೆದೇ ಬಿಟ್ಟು ಹೊಟ್ಟೆ ಹಿಡಿದುಕೊಂಡು ಶೌಚಾಲಯದ ಕಡೆ ಓಡಿದಳು. ಮರಳಿ ಬರುವಷ್ಟರಲ್ಲಿ ಸೀಸೆಯೊಳಗೆ ಚಹಾ ತಯಾರಾಗಿತ್ತು.

"ಏನ್ ರಜಿಯಾ ಇದು?" ಎಂದೆ.

"ಒಮ್ಮಿಗ್ಲೇ ಮಾರಿ ಕುದ್ದಂಗ ಆಗ್ತದ್ರೀ ಮೇಡಂ. ಆಮ್ಯಾಲೆ ಹೊಟ್ಟಿ ಜಾಡಿಸ್ತದ. ದಿನಾ ನಾಕೈದು ಸಲ ಹೋಗಾಕತ್ತೀನಿ."

"ನಿನಗ ವಯಸ್ಸೆಷ್ಟು?"

"ನಲವತ್ತೇಳು."

"ಮುಟ್ಟು ಸರಿ ಆಗ್ತದೋ ಇಲ್ಲೋ?"

"ತಪ್ಪಾಕತ್ತದ್ರೀ."

"ಹಂಗಾರ ಆತು ಬಿಡು! ಮುಟ್ಟು ನಿಲ್ಲೂ ಮುಂದ ಹಿಂಗ ಬೆಂಕಿ ಹತ್ತಿದಂಗ ಆಗ್ತದ. ನನಗೂ ಆಗ್ತದ. ಸೋಯಾ ತಿನ್ನು, ಚಹಾ ಬಿಡು. ಹೊಟ್ಟಿದು ಮಿರ್ಚಿ ಭಜಿ ಕಾರಭಾರ, ಅದನ್ನೂ ಬಿಡು."

"ಡಾಕ್ಟರಿಗೆ ತೋರಿಸ್ಲ್ಯಾ?"

"ಅವರೇನು ಬ್ಯಾರೆ ಹೇಳ್ತಾರ? ಇದನ್ನ ಇಂಗ್ಲೀಷಿನ್ಯಾಗ ಹೇಳ್ತಾರ."

ನನ್ನ ಮಾತಿಗೆ ನಾನೇ ನಕ್ಕೆ. ಅವಳೂ ನಕ್ಕಳು. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ನಾನು ಅಚ್ಚುಕಟ್ಟಿನ ಹೆಂಗಸು. ಮರುದಿನವೇ ಒಂದು ಸೂಚನೆ ಟೈಪ್ ಮಾಡಿಸಿ ಅವಳ ಮೇಜಿನ ಮೇಲಿನ ಗೋಡೆಗೆ ಅಂಟಿಸಿದೆ: ಕ್ಷಾರದ ಹಂತದಲ್ಲಿ ಯಾವುದೇ ಕಾರಣಕ್ಕೂ ಮೇಜು ಬಿಟ್ಟು ಕದಲಕೂಡದು. ರಜಿಯಾ ಅದನ್ನು ಚಾಚೂ ತಪ್ಪದೆ ಪಾಲಿಸಿದಳು. ತುಟಿ ಕಚ್ಚಿಕೊಂಡು, ಮೇಜಿನ ಅಂಚು ಹಿಡಿದುಕೊಂಡು, ಹಣೆಯ ಮೇಲೆ ಬೆವರು ಹರಿಯುತ್ತಿರಲು ಗಡಿಯಾರ ನೋಡುತ್ತಾ ನಿಂತಿರುತ್ತಿದ್ದಳು. ಆ ವಾರ ಬೆರೆಸಿದ ಜೆಂಟಿಸಿಕ್ ಆಮ್ಲ ಬಹುಪಾಲು ಮರಳಿ ಸಿಕ್ಕಿತು. ಸಮಸ್ಯೆ ಬಗೆಹರಿಯಿತೆಂದು ನಾನು ಎಲ್ಲರಿಗೂ ಪೇಡೆ ಹಂಚಿದೆ. ರಜಿಯಾ ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡು ಶೌಚಾಲಯಕ್ಕೆ ಹೋದಳು.

ಹೀಗೆ ಎರಡು ವರ್ಷ ಕಳೆಯಿತು. ಅವಳು ತೆಳ್ಳಗಾದಾಗ ಸೋಯಾದ ಮಹಿಮೆ ಎಂದೆ. ಸುಸ್ತು ಎಂದಾಗ ಬೆಲ್ಲ ಶೇಂಗಾ ತಿನ್ನಲು ಹೇಳಿದೆ. ಕೊನೆಗೊಂದು ದಿನ ಹೊಟ್ಟೆನೋವಿನಿಂದ ಪ್ರಯೋಗಾಲಯದ ನೆಲದ ಮೇಲೆಯೇ ಕೂತುಬಿಟ್ಟಳು. ದಸ್ತಗೀರ್ ಅಂಗಡಿಯಿಂದ ಓಡಿಬಂದ, ಕೊರಳಲ್ಲಿ ಅಳತೆಪಟ್ಟಿ ಹಾಗೇ ಇತ್ತು. ನಾನೂ ಆಟೋ ಹತ್ತಿದೆ. ರಾಯಚೂರಿನ ಡಾಕ್ಟರು ಸ್ಕ್ಯಾನ್ ಮಾಡಿಸಿ, ಅದನ್ನು ಬೆಳಕಿಗೆ ಹಿಡಿದು ನೋಡಿದರು. ಸಣ್ಣ ಕರುಳಿನಲ್ಲಿ ಹುಟ್ಟುವ ಒಂದು ನಿಧಾನದ ಗಡ್ಡೆ. ಆಗಲೇ ಲಿವರಿಗೆ ಹಬ್ಬಿತ್ತು. ಅದು ರಕ್ತಕ್ಕೆ ಬಿಡುವ ರಸದಿಂದಲೇ ಮುಖ ಕೆಂಪಾಗುವುದು, ಭೇದಿಯಾಗುವುದು.

"ಯಾವಾಗಿಂದ ಹಿಂಗ ಆಗಾಕತ್ತದ?" ಎಂದು ಡಾಕ್ಟರು ಕೇಳಿದರು.

"ಎರಡು ವರ್ಷ ಆತ್ರೀ."

"ಎರಡು ವರ್ಷ? ಯಾಕ ತೋರಿಸ್ಲಿಲ್ಲ?"

ರಜಿಯಾ ನನ್ನನ್ನು ನೋಡಿದಳು. ಆಮೇಲೆ ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡಿದಳು. "ಮನ್ಯಾಗ ಕೆಲಸ ಇತ್ರೀ" ಎಂದಳು.

ನನ್ನ ಜೀವನದಲ್ಲಿ ಬಾಯಿ ತೆರೆಯಲೇಬೇಕಾಗಿದ್ದ ಗಳಿಗೆ ಅದು. ನಾನು ನನ್ನ ಚೀಲದಲ್ಲಿ ಏನನ್ನೋ ಹುಡುಕತೊಡಗಿದೆ.

ಹೈದರಾಬಾದಿಗೆ ಕಳಿಸಿದರು. ಲುಟೇಶಿಯಂ ಎಂಬ ವಿಕಿರಣ ಸೂಸುವ ಲೋಹವನ್ನು ರಕ್ತನಾಳಕ್ಕೆ ಕೊಡುವ ಚಿಕಿತ್ಸೆ, ಎರಡೆರಡು ತಿಂಗಳಿಗೊಮ್ಮೆ, ಒಟ್ಟು ನಾಲ್ಕು ಸಲ. "ಮೇಡಂ, ನೀವು ಬರ್ರಿ, ನಮಗ ಅವರ ಮಾತು ತಿಳಿಯಂಗಿಲ್ಲ" ಎಂದು ದಸ್ತಗೀರ್ ಕೈ ಮುಗಿದ. ನನ್ನಿಂದಲೇ ಇಲ್ಲಿಗೆ ಬಂದಿದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಹೋದೆ. ಅಲ್ಲಿಯ ಡಾಕ್ಟರ್ ಹುಡುಗಿ ಪಾಪ, ಸಮಾಧಾನದಿಂದ ವಿವರಿಸಿದಳು. ಲೋಹಕ್ಕೆ ಗಡ್ಡೆಯ ವಿಳಾಸ ಗೊತ್ತಿಲ್ಲ. ಅದನ್ನು ಕರೆದೊಯ್ಯಲು ಒಂದು ವಾಹಕ ಕಟ್ಟಿರುತ್ತಾರೆ. ತೊಂದರೆಯೆಂದರೆ, ದಾರಿ ತೋರಿಸುವ ಆ ವಾಹಕವನ್ನೇ ಲೋಹದ ವಿಕಿರಣ ಸೀಸೆಯೊಳಗೆ ಮುರಿದುಹಾಕುತ್ತದೆ. ಹಾಗಾಗದಂತೆ ಒಂದು ರಕ್ಷಕ ಪದಾರ್ಥ ಬೆರೆಸಿರುತ್ತಾರೆ. "ಜೆಂಟಿಸಿಕ್ ಆ್ಯಸಿಡ್ ಅಂತ" ಎಂದಳು.

"ಜೆಂಟಿಸಿಕ್ ಆ್ಯಸಿಡ್!" ಎಂದು ನಾನು ಕುರ್ಚಿಯಿಂದ ಅರ್ಧ ಎದ್ದೇ ಬಿಟ್ಟೆ. ಪರದೇಶದಲ್ಲಿ ಮಾನ್ವಿಯವರು ಸಿಕ್ಕಷ್ಟು ಸಂತೋಷ. ಪಕ್ಕದಲ್ಲಿ ಕ್ಯಾನ್ಸರಿನ ಹೆಂಗಸು ಕೂತಿದ್ದಾಳೆಂಬುದು ಆಮೇಲೆ ನೆನಪಾಯಿತು.

ರಜಿಯಾ ಮಾತ್ರ ಗಂಭೀರವಾಗಿ ಕೇಳಿದಳು: "ಇಲ್ಲಿಗೂ ಬಂತಾ ಅದು? ಏನ್ ಮಾಡ್ತದ್ರೀ ಇಲ್ಲಿ?"

"ವಿಕಿರಣದ ಏಟು ತಾನು ತಿಂತದ, ತಾನು ಕೆಟ್ಟು ಔಷಧ ಉಳಿಸ್ತದ" ಎಂದು ನಾನು ಅನುವಾದ ಮಾಡಿದೆ.

"ಅಂದ್ರ ಕೆಡೂದ ಅದರ ಕೆಲಸ. ಅಲ್ಲಿ ಕೆಟ್ರ ನನಗ ಬೈತಿದ್ರಿ." ಡಾಕ್ಟರ್ ಕಡೆ ತಿರುಗಿ, "ಮುಚ್ಚಳ ಬಿಗಿ ಹಾಕ್ಯಾರಿಲ್ಲೋ ನೋಡ್ರಿ ತಾಯಿ. ಭಾಳ ಲಗೂ ಕಂದಾಗ್ತದ ಅದು" ಎಂದಳು. ಡಾಕ್ಟರಿಗೆ ಕನ್ನಡ ಅರ್ಥವಾಗಲಿಲ್ಲ. ನಾನು ಅದನ್ನು ಅನುವಾದ ಮಾಡಲಿಲ್ಲ.

ಔಷಧ ಕೊಟ್ಟು ಮರುದಿನ ಮನೆಗೆ ಬಿಟ್ಟರು. ಅವಳ ಮೈಯಿಂದ ಕೆಲವು ದಿನ ಸ್ವಲ್ಪ ವಿಕಿರಣ ಹೊರಡುತ್ತದೆ, ಒಂದೆರಡು ಮೀಟರ್ ದೂರವಿದ್ದರೆ ಒಳ್ಳೆಯದು, ಕಾರಿನಲ್ಲಿ ಜೊತೆಗೆ ಹೋದರೆ ಭಯಪಡುವಂಥದ್ದೇನಿಲ್ಲ ಎಂದು ಹೇಳಿದ್ದರು. ಹೈದರಾಬಾದಿಗೆ ಹೋಗುವಾಗ ಹಿಂದಿನ ಸೀಟಿನಲ್ಲಿ ಅವಳ ಕೈ ಹಿಡಿದು ಕೂತಿದ್ದ ನಾನು ಮರಳುವಾಗ ದಸ್ತಗೀರನನ್ನು ಹಿಂದಕ್ಕೆ ಕಳಿಸಿ ಡ್ರೈವರನ ಪಕ್ಕ ಕೂತೆ. ಹಿಂದೆ ಕೂತರೆ ವಾಂತಿ ಬರುತ್ತದೆ ಎಂದು ಒಂದು ಕಾರಣ ಹೇಳಿದೆ. ಕಿಟಕಿ ಪೂರ್ತಿ ಇಳಿಸಿದೆ, ವಿಕಿರಣವೇನೋ ಬೀಡಿಯ ಹೊಗೆ ಎಂಬಂತೆ. ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವಳ ವಿದ್ಯೆ ಅಷ್ಟು. ಎಂದೂ ಒಂದು ಪುಸ್ತಕ ಓದದ ದಸ್ತಗೀರ್ ಹೆಂಡತಿಯ ತಲೆಯನ್ನು ಹೆಗಲಿಗೆ ಆನಿಸಿಕೊಂಡು ದಾರಿಯುದ್ದಕ್ಕೂ ಕೂತಿದ್ದ. ದೂರ ಕೂಡಬೇಕಂತ ಎಂದು ನಾನು ತಿರುಗಿ ಹೇಳಿದರೆ, "ಇರ್ಲಿ ಬಿಡ್ರಿ ಮೇಡಂ" ಎಂದ.

ಕೃಷ್ಣಾ ದಾಟಿ ಶಕ್ತಿನಗರದಲ್ಲಿ ಚಹಾಕ್ಕೆ ಕಾರು ನಿಲ್ಲಿಸಿದೆವು. ನಾನು ಲೋಟ ಹಿಡಿದು ಕಾರಿನಿಂದ ಸಾಕಷ್ಟು ದೂರ, ಒಂದು ಲಾರಿಯ ಆಚೆ ನಿಂತೆ. ರಜಿಯಾ ಕಿಟಕಿಯಿಂದ ತಲೆ ಹಾಕಿ ಕೂಗಿದಳು:

"ಮೇಡಂ, ಎರಡು ಮೀಟರ್ ಅಂದಾರ್ರೀ. ನೀವು ಎರಡು ಎಕರೆ ಬಿಟ್ಟೀರಿ."

ಚಹಾದ ಅಂಗಡಿಯವನೂ ನಕ್ಕ. ನಾನೂ ನಗಬೇಕೆಂದು ಪ್ರಯತ್ನಪಟ್ಟೆ.

ಎರಡನೆಯ ಸಲದ ನಂತರ ಅವಳು ಚೇತರಿಸಿಕೊಂಡಳು. ಮುಖ ಕೆಂಪಾಗುವುದು ಕಡಿಮೆಯಾಯಿತು, ಕೆಲಸಕ್ಕೂ ಬಂದಳು. ಗೋಡೆಯ ಸೂಚನೆಯನ್ನು ನಾನು ಅಷ್ಟರಲ್ಲಿ ಕಿತ್ತುಹಾಕಿದ್ದೆ. ಆ ಜಾಗ ನೋಡಿದಳು, ತಕ್ಕಡಿಯ ಮುಂದೆ ಕೂತಳು. ಮೂರನೆಯದರ ನಂತರ ರಕ್ತದ ಕಣಗಳು ಇಳಿದವು. ನಾಲ್ಕನೆಯದನ್ನು ಮುಂದಕ್ಕೆ ಹಾಕಿದರು, ಮತ್ತೆ ಮುಂದಕ್ಕೆ ಹಾಕಿದರು, ಆಮೇಲೆ ಆ ಮಾತನ್ನೇ ಬಿಟ್ಟರು. ಲಿವರಿನಲ್ಲಿ ಉಳಿದ ಗಡ್ಡೆಗಳು ಬೆಳೆದಿದ್ದವು. ಅವಳು ದೇವದುರ್ಗಕ್ಕೆ ತಾಯಿಯ ಮನೆಗೆ ಹೋದಳು.

ಒಂದು ಭಾನುವಾರ ನೋಡಲು ಹೋದೆ. ಅಂಗಳದಲ್ಲಿ ಮಂಚ ಹಾಕಿಸಿಕೊಂಡು ಮಲಗಿದ್ದಳು, ಕಣ್ಣುಗಳು ಹಳದಿಯಾಗಿದ್ದವು. ಈ ಸಲ ನಾನು ಮಂಚದ ಮೇಲೆಯೇ ಕೂತೆ. ವಿಕಿರಣವೆಲ್ಲ ಇಳಿದು ಎಷ್ಟೋ ದಿನವಾಗಿತ್ತಾದ್ದರಿಂದ ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇರಲಿಲ್ಲ.

"ರಜಿಯಾ, ನಾ ಹಂಗ ಹೇಳಬಾರದಿತ್ತು. ನನ್ನಿಂದ ಎರಡು ವರ್ಷ ಹೋತು" ಎಂದೆ. ಅವಳು ಇಲ್ಲ ಬಿಡ್ರಿ, ನಿಮ್ಮದೇನು ತಪ್ಪು ಎನ್ನುತ್ತಾಳೆ, ನಾನು ಅತ್ತು ಹಗುರಾಗಿ ಬಸ್ಸು ಹತ್ತುತ್ತೇನೆ ಎಂದು ರಾಯಚೂರಿನಿಂದಲೇ ಲೆಕ್ಕ ಹಾಕಿಕೊಂಡು ಬಂದಿದ್ದೆ.

"ಹೌದ್ರೀ, ಹೋತು" ಎಂದಳು. ಆಮೇಲೆ, "ನನಗೂ ಅಂಜಿಕಿ ಇತ್ತು ಮೇಡಂ. ಡಾಕ್ಟರ್ ಏನರ ಹೇಳಿಬಿಟ್ರ ಅಂತ. ನೀವು ಬ್ಯಾಡ ಅಂದ್ರಿ, ನನಗ ಅನುಕೂಲ ಆತು" ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ಕ್ಷಮೆಯೂ ಇರಲಿಲ್ಲ. ತಕ್ಕಡಿಯ ಮುಂದೆ ಕೂತು ತೂಕ ಓದಿ ಹೇಳುವಾಗಿನ ದನಿ.

ಮೂರು ವಾರದ ಮೇಲೆ ಹೋಗಿಬಿಟ್ಟಳು. ಮಣ್ಣಿಗೆ ನನಗೆ ಹೋಗಲಾಗಲಿಲ್ಲ. ಮೂರನೆಯ ದಿನ ಹೋದೆ. ದಾರಿಯಲ್ಲಿ ಸಿಗುವ ಕಲ್ಮಲದ ತನಕ ಬಸ್ಸಿನಲ್ಲಿ ನಿಂತೇ ಹೋದೆ, ಆಮೇಲೆ ಸೀಟು ಸಿಕ್ಕರೂ ಕೂಡಲಿಲ್ಲ. ಮನೆ ತುಂಬ ಹೆಂಗಸರು. ರಜಿಯಾಳ ತಾಯಿ ನನ್ನ ಕೈ ಹಿಡಿದು ಪಕ್ಕಕ್ಕೆ ಕೂಡಿಸಿಕೊಂಡಳು, ಶರಬತ್ತಿನ ಲೋಟ ಕೈಗಿಟ್ಟಳು, ಸುತ್ತ ಕೂತವರಿಗೆ ನನ್ನ ಪರಿಚಯ ಮಾಡಿಸಿದಳು.

"ಇವರ ನೋಡ್ರಿ ಆ ಮೇಡಂ. ನಮ್ಮ ರಜಿಯಾಂದು ಬ್ಯಾನಿ ಮೊದಲು ಹಿಡದವ್ರು ಇವರ ಅಂತ. ಡಾಕ್ಟರಿಗಿಂತ ಮೊದಲ ಇವರಿಗೆ ಗೊತ್ತಾಗಿತ್ತಂತ. ಹುಡುಗಿ ಸಾಯೂತನ ಹೇಳಿದ್ಳು."

ಹೆಂಗಸರೆಲ್ಲ ನನ್ನನ್ನು ನೋಡಿದರು. ಒಬ್ಬ ಮುದುಕಿ ನನ್ನ ತಲೆ ಸವರಿ ನೆಟಿಕೆ ಮುರಿದಳು. ರಜಿಯಾ ತಾಯಿಯ ಸಮಾಧಾನಕ್ಕೆ ಹಾಗೆ ಹೇಳಿದ್ದಳೋ, ನನ್ನನ್ನು ಈ ಮನೆಯಲ್ಲಿ ಕಾಪಾಡಲು ಹೇಳಿದ್ದಳೋ, ಅಥವಾ ನಾನು ಇಲ್ಲಿ ಕೂತು ಇದನ್ನು ಕೇಳಬೇಕೆಂದೇ ಹೇಳಿದ್ದಳೋ, ಇಂದಿಗೂ ನನಗೆ ತಿಳಿದಿಲ್ಲ. ಅಲ್ಲ ಎನ್ನಬೇಕಾಗಿತ್ತು. ಮಾತಿಗೆ ಎಂದೂ ಕಡಿಮೆ ಬೀಳದ ನಾನು ಶರಬತ್ತು ಕುಡಿದೆ. ಸಕ್ಕರೆ ಬಹಳ ಹಾಕಿದ್ದರು.

ಆಮೇಲೆ ಆ ತಾಯಿ ಸೀರೆಯ ನೆರಿಗೆಯನ್ನು ಮೊಣಕಾಲಿನ ತನಕ ಸರಿಸಿ ನನ್ನ ಹತ್ತಿರ ಬಗ್ಗಿದಳು. "ನಂದೂ ಮೊಣಕಾಲು ಭಾಳ ಬ್ಯಾನಿ ಆಗ್ಯಾದವ್ವ. ಬಾತದ ನೋಡು. ಯಾವ ಗುಳಿಗಿ ತಗೊಳ್ಳಿ? ನೀ ಹೇಳಿದ್ದ ತಗೋತೀನಿ."

ನೋಡಿದೆ. ಊದಿಕೊಂಡಿತ್ತು. "ಡಾಕ್ಟರಿಗೆ ತೋರಿಸ್ರಿ" ಎಂದೆ.

ಅವಳ ಮುಖ ಸಣ್ಣದಾಯಿತು. "ಅದನ್ನ ಎಲ್ಲಾರೂ ಹೇಳ್ತಾರ ಬಿಡವ್ವ" ಎಂದು ಸೀರೆ ಇಳಿಸಿಕೊಂಡಳು.

ಇಷ್ಟೆಲ್ಲ ಆದ ಮೇಲೂ ನನ್ನ ಹಣೆಬರಹ ನೋಡಿ: ದೇವದುರ್ಗದ ಬಸ್ ಸ್ಟ್ಯಾಂಡ್ ಮುಟ್ಟುವ ತನಕ ಒಂದು ಗುಳಿಗೆಯ ಹೆಸರು, ದಿನಕ್ಕೆ ಎರಡು, ಊಟ ಆದ ಮೇಲೆ ಎಂಬುದು ನನ್ನ ನಾಲಿಗೆಯ ತುದಿಯಲ್ಲಿ ಕುಣಿಯುತ್ತಲೇ ಇತ್ತು.