ಬಂದರಿನಲ್ಲಿ ಚೂರಿ ಬಿಡಿಸಿದ ಅಧಿಕಾರಿ

ಮಂಗಳೂರಿನ ಮಡಚು ಚೂರಿ ಪರಿಶೀಲನಾ ಕೋಶವು ಸ್ಥಾಪನೆಯಾಗಿ ಮೂರು ವರ್ಷಗಳು ಪೂರ್ಣಗೊಂಡಿದ್ದು, ಸದರಿ ಅವಧಿಯಲ್ಲಿ ಅಲ್ಲಿಗೆ ಒಂದೇ ಒಂದು ಅರ್ಜಿಯೂ ಬಂದಿರುವುದಿಲ್ಲ. ಮಡಚುವ ಚೂರಿ ಮತ್ತು ಎರಡು ಹಿಡಿಗಳ ನಡುವೆ ಅಲಗು ಅಡಗಿರುವ ಚಿಟ್ಟೆ ಚೂರಿ ಕೊಂಡವರೆಲ್ಲ ಬಂದು ನೋಂದಾಯಿಸತಕ್ಕದ್ದು ಎಂದು ಬಾಗಿಲಲ್ಲಿ ಬೋರ್ಡು ಉಂಟು. ಕೊಂಡವರು ಬೇಕಾದಷ್ಟು ಜನ, ಬಂದವರು ಮಾತ್ರ ಯಾರೂ ಇಲ್ಲ. ಆದ್ದರಿಂದ ತಿಂಗಳ ಕೊನೆಗೆ ಕೋಶವನ್ನು ಮುಚ್ಚಿ, ಅಧೀಕ್ಷಕರಾದ ಲಯನೆಲ್ ಅವರನ್ನು ಬೀದರಿಗೆ ವರ್ಗ ಮಾಡುವುದೆಂದು ಮೇಲಿನವರು ತೀರ್ಮಾನಿಸಿದ್ದರು. ಬೀದರಿನಲ್ಲಿ ಸಮುದ್ರ ಇಲ್ಲ ಎಂದು ಲಯನೆಲ್ ಲಿಖಿತವಾಗಿ ಆಕ್ಷೇಪಿಸಿದ್ದರು. ಪರಿಶೀಲಿಸಲಾಗುವುದು ಎಂದು ಉತ್ತರ ಬಂದಿತ್ತು.

ಇದೊಂದೂ ಅಕ್ಕುವಿಗೆ ಗೊತ್ತಿಲ್ಲ, ಪಾಪ. ಅವಳು ಬಂದರಿನ ಮಾರ್ಕೆಟಿನಲ್ಲಿ ಮೂವತ್ತು ವರ್ಷದಿಂದ ಗಿರಾಕಿಗಳ ಮೀನು ಕೊಯ್ದುಕೊಟ್ಟು ಬದುಕಿದವಳು. ದೊಡ್ಡ ಕತ್ತಿ ಎತ್ತಿ ಎತ್ತಿ ಬಲಭುಜ ಹೋಗಿತ್ತು. ಇನ್ನೊಂದು ತಿಂಗಳು ಅದನ್ನು ಎತ್ತಿದರೆ ಕೈಯೇ ಏಳಲಿಕ್ಕಿಲ್ಲ ಎಂದು ಡಾಕ್ಟರು ಹೇಳಿದ್ದರು. ಎತ್ತದೆ ಕೂತರೆ ಅದಕ್ಕೂ ದೊಡ್ಡ ಕಷ್ಟ. ಏಳು ದಿನ ಮೀನು ಕೊಯ್ಯದ ಜಾಗದಲ್ಲಿ ಎಂಟನೇ ದಿನವೂ ಕೊಯ್ಯದಿದ್ದರೆ ಅದು ಕಾಯುತ್ತಿರುವವರಿಗೆ ಸೇರಬೇಕು, ಇದು ಅಲ್ಲಿಯ ಕಟ್ಟಳೆ. ಮನೆಯ ಅಡಿಗೆ ಚೂರಿ ತಂದು ನೋಡಿದಳು, ಬಂಗುಡೆಯ ಮುಳ್ಳಿಗೇ ಅದು ಬಗ್ಗಿಹೋಯಿತು.

ಆಗ ತಂಗಿಯ ಮಗಳು ಸೌಜನ್ಯ ಮೊಬೈಲಿನಲ್ಲಿ ಗಟ್ಟಿ ಉಕ್ಕಿನ ಮಡಚುವ ಚೂರಿಯೊಂದನ್ನು ಆರ್ಡರ್ ಮಾಡಿದಳು. ಅದು ಸ್ಟಾಕ್ ಇಲ್ಲವೆಂದು ಅಂಗಡಿಯವರು ಧಾರಾಳ ಮನಸ್ಸಿನಿಂದ ಬೇರೊಂದು ಕಳಿಸಿದರು.

“ಇದಕ್ಕೆಂತ ಎರಡೆರಡು ಹಿಡಿ?” ಎಂದಳು ಅಕ್ಕು.

“ಚಿಟ್ಟೆ ಚೂರಿ, ದೊಡ್ಡಮ್ಮ. ಲೇಟೆಸ್ಟ್.”

ಹೊಸ ಚೂರಿಯನ್ನು ಕೈಗುಣ ಇರುವ ಹಳೆ ಗಿರಾಕಿಯ ಕೈಯಲ್ಲಿ ಹಿಡಿಸಿ, ಮೊದಲ ಮೀನು ಅವರಿಗೇ ಕೊಯ್ಯುವುದು ಅಕ್ಕುವಿನ ಕ್ರಮ. ಅದು ಬುಧವಾರ. ಹನ್ನೊಂದು ವರ್ಷದಿಂದ ಬುಧವಾರ ತಪ್ಪದೆ ಬಂಗುಡೆಗೆ ಬರುವ ಗಿರಾಕಿ ಒಬ್ಬರಿದ್ದರು. ಎಂತದೋ ಆಫೀಸಿನವರು ಎಂಬಷ್ಟೇ ಅವಳಿಗೆ ಗೊತ್ತು. ಕರೆಯುವುದು ಪೊರ್ಬುಳು ಎಂದು, ಊರಲ್ಲಿ ಕ್ರಿಶ್ಚಿಯನ್ ಗಂಡಸರನ್ನು ಎಲ್ಲರೂ ಕರೆಯುವ ಹಾಗೆ.

“ಪೊರ್ಬುಳೇ, ಒಮ್ಮೆ ಹಿಡಿಯಿರಿ ಇದನ್ನು.”

ಲಯನೆಲ್ ಹಿಡಿದರು. ಅವರ ಕಣ್ಣಲ್ಲಿ ನೀರು ಬಂತು. ಮೂರು ವರ್ಷದ ಮೇಲೆ ಒಂದು ಫೈಲು!

“ಅಕ್ಕ, ಇದನ್ನು ನಾನು ಜಪ್ತಿ ಮಾಡ್ತೇನೆ. ಏನೂ ತಿಳ್ಕೊಳ್ಬೇಡಿ. ನಾಳೆ ಆಫೀಸಿಗೆ ಬನ್ನಿ, ಚಾ ಉಂಟು.”

ಗುರುವಾರ ಅಕ್ಕು ಹೋದಳು. ಎಡಗೈಯಲ್ಲಿ ಎಂದಿನ ಬುಟ್ಟಿ, ಬುಟ್ಟಿಯಲ್ಲಿ ಎಂದಿನ ಕತ್ತಿ, ಒಂದು ಮೊಳ ಉದ್ದದ್ದು. ಕಾವಲುಗಾರ ಅದನ್ನು ಸರಿಸಿ, ಕೆಳಗೆ ಮೀನು ಉಂಟಾ ಎಂದು ನೋಡಿ ಒಳಗೆ ಬಿಟ್ಟ. ಕತ್ತಿ ಮಡಚುವುದಿಲ್ಲವಾದ್ದರಿಂದ ಅದು ಕೋಶದ ವ್ಯಾಪ್ತಿಗೆ ಬರುವುದಿಲ್ಲ.

ಲಯನೆಲ್ ನಿಯಮ ಓದಿದರು. ಅಲಗಿನ ಉದ್ದ ಅಳೆಯದೆ ಪರವಾನಗಿ ನೀಡತಕ್ಕದ್ದಲ್ಲ. ಬಿಡಿಸದೆ ಅಲಗನ್ನು ಅಳೆಯತಕ್ಕದ್ದಲ್ಲ. ಪರವಾನಗಿ ಇಲ್ಲದ ಚೂರಿಯನ್ನು ಬಿಡಿಸತಕ್ಕದ್ದಲ್ಲ.

“ಹಾಗಾದ್ರೆ ಎಂತ ಮಾಡುದು?”

“ಪತ್ರ ಬರೆಯುದು,” ಎಂದರು ಲಯನೆಲ್ ಸಂತೋಷದಿಂದ.

“ಬರೆಯಿರಿ ಮಾರಾಯ್ರೇ. ಆದ್ರೆ ಬರುವ ಗುರುವಾರಕ್ಕೆ ನನಗೆ ಎಂಟನೇ ದಿನ. ಜಾಗ ಹೋದ್ರೆ ನಾನು ಹೋದ ಹಾಗೆಯೇ.”

ಪತ್ರ ಹೋಯಿತು. ಶನಿವಾರ ಅರ್ಧ ದಿನ, ಅರ್ಧ ಚಾ; ಭಾನುವಾರ ರಜೆ. ಮಂಗಳವಾರ ಉತ್ತರ ಬಂತು: ‘ಬಿಡಿಸುವ ಅಧಿಕಾರಿ’ ಎಂಬ ಹುದ್ದೆಯನ್ನು ಸೃಷ್ಟಿಸಿ ಅದಕ್ಕೆ ಲಯನೆಲ್ ಅವರನ್ನೇ ನೇಮಿಸಲಾಗಿದೆ. ಆದರೆ ಚೂರಿ ಇದ್ದದ್ದು ಅರಗಿನ ಮುದ್ರೆ ಹಾಕಿದ ದಪ್ಪ ಕಟ್ಟಿನೊಳಗೆ. ಅದನ್ನು ಕತ್ತರಿಸಲು ಕಚೇರಿಯಲ್ಲಿ ಹರಿತವಾದದ್ದು ಏನೂ ಇರಲಿಲ್ಲ. ಕತ್ತರಿಯ ಎರಡು ಕಾಲೂ ಮಡಚುತ್ತವೆಂಬ ಸಂಶಯದಲ್ಲಿ ಅದನ್ನೂ ಜಪ್ತಿ ಮಾಡಿಡಲಾಗಿತ್ತು. ಉತ್ತರ ಕೇಳಲು ಬಂದಿದ್ದ ಅಕ್ಕು ಬುಟ್ಟಿಯಿಂದ ಕತ್ತಿ ತೆಗೆದುಕೊಟ್ಟಳು. ಲಯನೆಲ್ ಒಂದೇ ಏಟಿಗೆ ಕಟ್ಟು ಬಿಚ್ಚಿ, ಧನ್ಯವಾದ ಹೇಳಿ ಕತ್ತಿ ವಾಪಸು ಕೊಟ್ಟು, ಆಮೇಲೆ ಸುರಕ್ಷತೆಗಾಗಿ ಕೈಗವಸು ಹಾಕಿಕೊಂಡು ಚಿಟ್ಟೆ ಚೂರಿ ಬಿಡಿಸಿದರು. ಅಲಗಿನ ಉದ್ದ ನಾಲ್ಕು ಬೆರಳು. ಅರ್ಹ ಎಂದು ಬರೆದರು.

ಬುಧವಾರ ಸಂಜೆ ಕೋಶದಲ್ಲಿ ಲಯನೆಲ್ ಪರವಾನಗಿ ಕೈಗೆ ಕೊಟ್ಟರು. ಅದರ ಕೆಳಗಿನ ಸಣ್ಣ ಅಕ್ಷರವನ್ನು ಜೊತೆಗೆ ಬಂದಿದ್ದ ಸೌಜನ್ಯ ಗಟ್ಟಿಯಾಗಿ ಓದಿದಳು: “ಸದರಿ ಚೂರಿಯು ಅರ್ಜಿದಾರರ ಸ್ವಂತ ಆಸ್ತಿಯಾಗಿರತಕ್ಕದ್ದು. ಬಿಡಿಸುವ ಅಧಿಕಾರಿಯ ಹೊರತು ಯಾರೂ ಬಿಡಿಸತಕ್ಕದ್ದಲ್ಲ. ಬಿಡಿಸಿದ ಚೂರಿಯನ್ನು ಅಧಿಕಾರಿಯು ಅನ್ಯರ ಕೈಗೆ ಕೊಡತಕ್ಕದ್ದಲ್ಲ.”

ಅಕ್ಕು ಕಾಗದ ಕಸಿದುಕೊಂಡಳು. ಏಳು ದಿನ ಓಡಾಡಿದ್ದು ಈ ಕಾಗದಕ್ಕಾ? ಬೆಳಗಾದರೆ ಮೂವತ್ತು ವರ್ಷದ ಜಾಗ ಇನ್ನೊಬ್ಬರ ಪಾಲು. ಬಯ್ಯಲು ಬಾಯಿ ತೆರೆದವಳಿಗೆ ಆ ಸಣ್ಣ ಅಕ್ಷರದಲ್ಲೇ ಒಂದು ದಾರಿ ಕಂಡಿತು.

“ಪೊರ್ಬುಳೇ, ನಾನು ಅರ್ಜಿ ಕೊಟ್ರೆ ನೀವು ಬಂದರಿಗೆ ಬಂದು ಬಿಡಿಸಿಕೊಡ್ತೀರಾ?”

“ಬರಲೇಬೇಕಲ್ಲ. ಕರ್ತವ್ಯ.”

“ಬಿಡಿಸಿದ ಮೇಲೆ ನಿಮ್ಮ ಕೈಯಲ್ಲೇ ಇರ್ಬೇಕಾ?”

“ಇರಲೇಬೇಕು. ನಿಯಮ.”

“ಸರಿ ಹಾಗಾದ್ರೆ. ಬೆಳಿಗ್ಗೆ ಆರೂವರೆಗೆ ಬನ್ನಿ. ಹಳೇ ಪ್ಯಾಂಟ್ ಹಾಕಿ.”

ಎಂಟನೇ ದಿನ ಅಕ್ಕುವಿನ ಜಾಗದಲ್ಲಿ ಅಕ್ಕುವಿನ ಚೂರಿಯಿಂದ ಅಧೀಕ್ಷಕ ಲಯನೆಲ್ ಮೂವತ್ತೆಂಟು ಬಂಗುಡೆ ಕೊಯ್ದರು. ಜಾಗಕ್ಕೆ ಕಾದವರು ತಕರಾರು ತೆಗೆದರು. ಪಕ್ಕದಲ್ಲಿ ಮೀನು ಮಾರುವ ಮೊಯ್ದೀನಬ್ಬ ತೀರ್ಪು ಕೊಟ್ಟರು: “ಜಾಗ ಅವಳದ್ದು, ಚೂರಿ ಅವಳದ್ದು, ಮೀನು ಕೊಯ್ದದ್ದೂ ಹೌದು. ಕೈ ಯಾರದ್ದು ಅಂತ ಕಟ್ಟಳೆಯಲ್ಲಿ ಇಲ್ಲ.” ಅಕ್ಕು ಕಾಲು ಚಾಚಿ ಕೂತು, “ಹೊಟ್ಟೆ ಹಾಗೆ ಸೀಳುದಾ? ಪಿತ್ತ ಒಡೀತದೆ, ಮೆಲ್ಲ!” ಎನ್ನುತ್ತಿದ್ದಳು. ಭುಜ ನೋಯಲಿಲ್ಲ. ಎಷ್ಟು ವರ್ಷದ ಮೇಲೋ, ಅವಳಿಗೆ ತುಂಬ ಖುಷಿಯಾಯಿತು.

ವಾರದೊಳಗೆ ಮಾರ್ಕೆಟಿನ ಹದಿನೇಳು ಹೆಂಗಸರು ಚಿಟ್ಟೆ ಚೂರಿ ತರಿಸಿ ಅರ್ಜಿ ಹಾಕಿದರು. ಬೀದರಿನ ಆದೇಶ ರದ್ದಾಯಿತು, ಬಿಡಿಸುವ ಅಧಿಕಾರಿಯ ಹದಿನೇಳು ಹೊಸ ಹುದ್ದೆಗಳು ಮಂಜೂರಾದವು. ‘ಎರಡನೇ ಶನಿವಾರ, ಭಾನುವಾರ ಹಾಗೂ ಸಾರ್ವತ್ರಿಕ ರಜೆಗಳಂದು ಮೀನನ್ನು ಇಡಿಯಾಗಿ ಒಯ್ಯತಕ್ಕದ್ದು’ ಎಂದು ಪ್ರಕಟಣೆ ಅಂಟಿಸಲಾಯಿತು. ಗಿರಾಕಿಗಳು ಎರಡು ದಿನ ಗೊಣಗಿ, ಮೂರನೇ ದಿನ ಟೋಕನ್ ಹಿಡಿದು ಸಾಲು ನಿಂತರು.

ವರ್ಷದ ಕೊನೆಗೆ ಅಧಿಕಾರಿಯ ಕಾರ್ಯಕ್ಷಮತೆ ಬಗ್ಗೆ ಫಲಾನುಭವಿಯ ಅಭಿಪ್ರಾಯ ಕೇಳಿ ಅಕ್ಕುವಿಗೆ ಗೋಪ್ಯ ನಮೂನೆ ಬಂತು. ಅವಳು ಸೌಜನ್ಯಳ ಕೈಯಲ್ಲಿ ಬರೆಸಿದಳು: “ಬೂತಾಯಿ, ಬಂಗುಡೆಯಂಥ ಸಣ್ಣ ಮೀನು ಪರವಾಗಿಲ್ಲ. ಅಂಜಲಿನಂಥ ದೊಡ್ಡ ಮೀನು ಇನ್ನೂ ಕೈಗೆ ಕೊಡುವ ಹಾಗಿಲ್ಲ.” ಸದರಿ ವರದಿಯನ್ನು ಮೇಲಿನವರು ಅಂಗೀಕರಿಸಿ, ಲಯನೆಲ್ ಅವರ ಬಡ್ತಿಯನ್ನು ಅವರು ಅಂಜಲ್ ಕೊಯ್ಯಲು ಕಲಿಯುವವರೆಗೆ ತಡೆಹಿಡಿದರು. ಲಯನೆಲ್ ಈಗ ಆರು ಗಂಟೆಗೇ ಬರುತ್ತಿದ್ದಾರೆ.