ನೀರು ಕತ್ತರಿಸದ ಫೋಟೋ

ನಮ್ಮ ಸೋದರಮಾವ ತೆಗೆದ ಫೋಟೋದಲ್ಲಿ ನಟ್ಟನಡುವೆ ನಿಲ್ಲುವ ಯೋಗ ಈವರೆಗೆ ಯಾವ ಮನುಷ್ಯನಿಗೂ ಕೂಡಿಬಂದಿಲ್ಲ. ನಡುವೆ ಇರುವುದು ಬಾಳೆಗಿಡ, ನೀರಿನ ಟಾಕಿ, ಇಲ್ಲವೇ ಬರಿಯ ಆಕಾಶ. ಮನುಷ್ಯರೆಲ್ಲ ಬದಿಗೆ!

ಇಷ್ಟು ದಿನ ಇದನ್ನು ಹೇಳಿಕೊಂಡು ನಗುತ್ತಿದ್ದೆ. ಈಗ ಆಯಿ, ನಮ್ಮಮ್ಮ, ತೀರಿಕೊಂಡು ಒಂಬತ್ತು ದಿನ. ಹನ್ನೆರಡನೆಯ ದಿನಕ್ಕೆ ಅವಳದೊಂದು ನೆಟ್ಟಗಿನ ಫೋಟೋ ಬೇಕು. ಗೋಕರ್ಣದಲ್ಲಿ ಸಂಸಾರ ಮಾಡಿಕೊಂಡಿರುವ ನಾನು, ಅಘನಾಶಿನಿ ಊರಿನ ತವರಿಗೆ ಬಂದಾಗಲೆಲ್ಲ ಅವಳ ಕೈಯಡುಗೆ ಉಂಡು ಹೋದವಳೇ ಹೊರತು ಒಂದು ಫೋಟೋ ತೆಗೆದವಳಲ್ಲ. ತೆಗೆದವನು ಮಾವನೊಬ್ಬನೇ. ನನ್ನ ಪಾಡು ಯಾರಿಗೆ ಹೇಳಲಿ?

ಅಂಚೆ ಕೆಲಸದಿಂದ ನಿವೃತ್ತನಾದ ಮಾವ ಮೊಬೈಲಿನಲ್ಲಿ ಫೋಟೋ ತೆಗೆಯುವುದು ಹೇಗೆಂಬ ಯಾವುದೋ ವಿಡಿಯೋ ನೋಡಿದ. ಪರದೆಯ ಮೇಲೆ ಅಡ್ಡ ಎರಡು, ಉದ್ದ ಎರಡು ಗೆರೆ ಇರಬೇಕಂತೆ, ಜನರನ್ನು ಆ ಗೆರೆಯ ಮೇಲೇ ನಿಲ್ಲಿಸಬೇಕಂತೆ. ಅವರು ಯಾವ ಕಡೆ ನೋಡುತ್ತಾರೋ ಆ ಕಡೆ ಜಾಗ ಬಿಡಬೇಕಂತೆ. ಅಂದಿನಿಂದ ನಮ್ಮ ಬಳಗಕ್ಕೆ ಗ್ರಹಚಾರ ಶುರುವಾಯಿತು.

ಹೊನ್ನಾವರದಲ್ಲಿ ನನ್ನ ತಂಗಿಯ ನಿಶ್ಚಿತಾರ್ಥ. ಹುಡುಗ ಹುಡುಗಿ ಎಡತುದಿಯಲ್ಲಿ, ಉಳಿದದ್ದೆಲ್ಲ ಪೇರಿಸಿಟ್ಟ ಪ್ಲಾಸ್ಟಿಕ್ ಕುರ್ಚಿ.

"ಇದೆಂತದು, ಕುರ್ಚಿಯ ನಿಶ್ಚಿತಾರ್ಥವ?" ಎಂದು ಹುಡುಗನ ತಾಯಿ ಕೇಳಿದರು.

"ಅವ್ರು ಆ ಬದಿಗೆ ನೋಡ್ತಾ ಇದ್ರು, ಜಾಗ ಬಿಟ್ಟೆ" ಎಂದ ಮಾವ, ಒಂದಿಷ್ಟೂ ನಾಚಿಕೆಯಿಲ್ಲದೆ.

ಭಟ್ಕಳದ ತೆಂಗಿನಗುಂಡಿಯಲ್ಲಿ ದಡಕ್ಕೆ ಬಲೆ ಎಳೆಯುತ್ತಿದ್ದವರ ಬಳಿ ಹೋಗಿ, ಹಗ್ಗವನ್ನು ಸ್ವಲ್ಪ ಓರೆಯಾಗಿ ಎಳೆಯಿರಿ, ಚಂದ ಬರುತ್ತದೆ ಎಂದ. ಒಬ್ಬ ಮುದುಕ ಹಗ್ಗ ಬಿಡದೆಯೇ, "ಆತು ಮಾರಾಯ್ರೆ, ಮೀನಿಗೂ ಒಂದು ಮಾತು ಹೇಳಿ ಬನ್ನಿ" ಎಂದ. ಮಾವ ನಿಜವಾಗಿಯೂ ಮೊಣಕಾಲು ನೀರಿಗೆ ಇಳಿದ. ಮೀನಿಗೆ ಹೇಳಲಿಕ್ಕಲ್ಲ, ಕೋನ ಸಿಗಲಿಕ್ಕೆ!

ನಿನ್ನೆ ಅವನ ಮೊಬೈಲಿನಲ್ಲಿ ಆಯಿಯನ್ನು ಹುಡುಕಿದೆ. ಒಂದರಲ್ಲಿ ಅರ್ಧ ಕಿವಿ, ಇಡೀ ಹಲಸಿನ ಮರ. ಇನ್ನೊಂದರಲ್ಲಿ ಸೆರಗಿನ ತುದಿ, ಇಡೀ ಅಂಗಳ. ಅಳುವುದೋ, ಇವನಿಗೆ ಬೈಯುವುದೋ? ಕೊನೆಗೆ ಒಂದರಲ್ಲಿ ಮುಖ ಪೂರ್ತಿ ಸಿಕ್ಕಿತು. ದೋಣಿ ನಿಲ್ಲುವ ದಕ್ಕೆಯ ಮೇಲೆ, ಬಲತುದಿಯಲ್ಲಿ ನಿಂತು ಎಡಕ್ಕೆ ನೋಡುತ್ತಿದ್ದಾಳೆ. ಉಳಿದ ಎರಡು ಪಾಲು ಬರೀ ಹೊಳೆ.

ಇವತ್ತು ಅದನ್ನು ಹಿಡಿದುಕೊಂಡು ಮಾವನ ಜೊತೆ ಕುಮಟೆಯ ಫೋಟೋ ಅಂಗಡಿಗೆ ಹೋದೆ. "ಇದ್ರಲ್ಲಿ ಎಂತ ಇದೆ? ನೀರು ಕತ್ತರಿಸಿ ಮುಖ ದೊಡ್ಡದು ಮಾಡ್ವ" ಎಂದ ಅಂಗಡಿಯವನು.

"ನೀರು ತೆಗೀಬೇಡ" ಎಂದ ಮಾವ.

ನನಗೆ ತಡೆಯಲಾಗಲಿಲ್ಲ. "ಮಾವಾ, ನಿನ್ನ ಗೆರೆ ಗಿರೆ ಎಲ್ಲಾ ಸಾಕು. ಸತ್ತ ಮೇಲಾದ್ರೂ ಆಯೀನ ನಡುವೆ ಬರೂಕೆ ಬಿಡು" ಎಂದೆ.

ಮಾವ ಪರದೆಯ ಎಡತುದಿಗೆ ಬೆರಳಿಟ್ಟ. ಆಚೆ ದಡದ ತದಡಿಯಿಂದ ಬರುತ್ತಿದ್ದ ದೋಣಿ, ಅದರಲ್ಲೊಂದು ನೀಲಿ ಚುಕ್ಕೆ.

"ಇದು ನೀನೇ. ದೀಪಾವಳಿಗೆ ಬಂದಿದ್ಯಲ್ಲ, ಆವತ್ತು. ಅಕ್ಕ ಒಂದು ತಾಸು ಹಾಂಗೇ ನಿಂತಿದ್ಲು. ನಾ ಎಷ್ಟು ಕರೆದ್ರೂ ಈ ಬದಿಗೆ ತಿರುಗಲಿಲ್ಲ."

ನಾನು ಆ ನೀಲಿ ಚುಕ್ಕೆಯನ್ನು ಬೆರಳಿನಿಂದ ಹಿಗ್ಗಿಸಿ ನೋಡಿದೆ. ಆಮೇಲೆ, ಎಂತದೂ ಕತ್ತರಿಸಬೇಡಿ ಎಂದೆ.

ಅಂಗಡಿಯವನು ಹಿಂಜರಿದ. "ಜೀವ ಇದ್ದವ್ರು ಇರೂ ಫೋಟೋಕ್ಕೆ ಹಾರ ಹಾಕೂಕಿಲ್ಲ, ಅಕ್ಕೋರೆ. ನೀವೂ ಇದ್ರಲ್ಲಿ ಇದ್ದೀರಿ."

"ಹಾರ ಬೇಡ" ಎಂದೆ. "ಇದ್ರಲ್ಲಿ ನಾನು ಇನ್ನೂ ದಡಕ್ಕೆ ಬರಲಿಲ್ಲ. ಆಯಿ ನೋಡ್ತಾ ಇರಲಿ."