ಗೊಂಬೆ ಹಾರಿಸುವಾಗ ಮಳೆ ಕೇಳಬೇಡಿ

ನನಗೆ ಐವತ್ತೆರಡು ವರ್ಷ, ನಾನು ಕಂಪ್ಯೂಟರಿನಲ್ಲಿ ಒಬ್ಬಳೇ ಕೂತು ಗೇಮ್ ಆಡುತ್ತೇನೆ. ಇದರಲ್ಲಿ ನಾಚಿಕೊಳ್ಳುವಂಥದ್ದು ಏನಿದೆಯೋ ನನಗಂತೂ ತಿಳಿಯದು. ನಮ್ಮ ಮೂಡಿಗೆರೆ ಕಡೆಯ ಗಂಡಸರು ಮಧ್ಯಾಹ್ನವಿಡೀ ಕ್ಲಬ್ಬಿನಲ್ಲಿ ಇಸ್ಪೀಟು ಎಸೆದರೆ ಅದು ದಣಿವಾರಿಸಿಕೊಳ್ಳುವುದು. ನಾನು ಅರ್ಧ ಗಂಟೆ ಗೊಂಬೆ ಹಾರಿಸಿದರೆ ಮಾತ್ರ ಅರಳುಮರಳು! ತಮ್ಮ ಕೊಟ್ಟ ಹಳೆಯ ಕಂಪ್ಯೂಟರಿನೊಳಗೇ ಇತ್ತು ಈ ಆಟ. ಎಲ್ಲವೂ ಯಾರೋ ಕೈಯಲ್ಲೇ ಹೊಲಿದಂತಿದೆ. ಸೀರೆ ತುಂಡಿನ ಗುಡ್ಡ, ಹತ್ತಿಯ ಮೋಡ, ದಾರದ ಸೇತುವೆ. ಚಿಂದಿಯ ಗೊಂಬೆಯೊಂದು ಓಡುತ್ತ, ಹಾರುತ್ತ ಅಂಗಿ ಗುಂಡಿಗಳನ್ನು ಹೆಕ್ಕಬೇಕು. ಕೊನೆಯಲ್ಲಿ ಬಾಯಿ ತೆರೆದು ಮುಚ್ಚುವ ದೊಡ್ಡ ಕತ್ತರಿ. "ಗುಂಡಿ ಮೇಲೆ ಅಷ್ಟು ಪ್ರೀತಿ ಇದ್ರೆ ನನ್ನ ಅಂಗಿಗೆ ನಾಲ್ಕು ಹಾಕು ಮಾರಾಯ್ತಿ" ಎಂದು ನನ್ನ ಯಜಮಾನರು ಹಂಗಿಸುತ್ತಾರೆ. "ಅದಕ್ಕೆ ಪಾಯಿಂಟ್ ಬರಲ್ಲ" ಎನ್ನುತ್ತೇನೆ.

ಕಾಫಿ ಗಿಡ ಹೂವರಳಿಸುವ ಬೇಸಿಗೆಯ ಹೂಮಳೆ ಕಾಲದಲ್ಲಿ ನಮ್ಮ ಕಾಫಿ ಬೆಳೆಗಾರರು ಕುಶಲ ಕೇಳುವ ಮೊದಲು "ಎಷ್ಟು ಸೆಂಟ್ಸ್?" ಎಂದು ಮಳೆ ಕೇಳುತ್ತಾರೆ. ನೂರು ಸೆಂಟ್ಸ್ ಅಂದರೆ ಒಂದು ಇಂಚು, ಅಷ್ಟಾದರೆ ಹೂವಿಗೆ ಸಾಕು. ಕಡಿಮೆಯಾದರೆ ಕೂಡಲೇ ಸ್ಪ್ರಿಂಕ್ಲರ್ ಹಾಕಬೇಕು, ಇಲ್ಲದಿದ್ದರೆ ಆ ವರ್ಷದ ಫಸಲು ಮೊಗ್ಗಿನಲ್ಲೇ ಕರಟಿಹೋಗುತ್ತದೆ. ಪಕ್ಕದ ತೋಟದ ಶಿವಣ್ಣ ಇರುವುದು ಚಿಕ್ಕಮಗಳೂರಿನಲ್ಲಿ. ಅವರಿಗೆ ನಮ್ಮ ಅಂಗಳದ ಮಳೆಮಾಪಕವೇ ಗತಿ, ಅದನ್ನು ನೋಡಿ ಹೇಳುವ ಅಧಿಕಾರಿ ನಾನು.

ಹೀಗೇ ಒಮ್ಮೆ ರಾತ್ರಿ ಮಳೆ ಬಂದ ಮರುದಿನ ಬೆಳಗ್ಗೆ ನನ್ನ ಗೊಂಬೆ ಮೊದಲ ಬಾರಿಗೆ ಕತ್ತರಿಯ ಬಾಯಿಯವರೆಗೆ ಬಂದು ನಿಂತಿತ್ತು. ಫೋನು ಹೊಡೆದುಕೊಂಡಿತು. "ಸುಮಿತ್ರಕ್ಕ, ಮಳೆ ಎಷ್ಟಾಯ್ತು?" ಅಂಗಳಕ್ಕೆ ಹೋದರೆ ಗೊಂಬೆ ಸಾಯುತ್ತದೆ. ಪರದೆಯ ಮೂಲೆಯಲ್ಲಿ ಹೆಕ್ಕಿದ ಗುಂಡಿಗಳ ಲೆಕ್ಕ ನೂರಾ ಹತ್ತು ಎಂದಿತ್ತು. ನನ್ನ ಬಾಯಿಂದ ಅದೇ ಬಂತು. "ಭೇಷ್, ನೂರಾ ಹತ್ತಾ!" ಎಂದು ಅವರು ಫೋನಿಟ್ಟರು. ಅಷ್ಟರಲ್ಲಿ ಗೊಂಬೆಯೂ ಎರಡು ತುಂಡಾಗಿತ್ತು.

ಸ್ವಲ್ಪ ಹೊತ್ತಿಗೆ ಯಜಮಾನರು ಅಂಗಳದಿಂದ ಬಂದು "ಬರೀ ಇಪ್ಪತ್ತು ಸೆಂಟ್ಸ್" ಎಂದರು. ಹೊರಗೆ ನೋಡಿದರೆ ಶಿವಣ್ಣನ ಮೇಸ್ತ್ರಿ ಸ್ಪ್ರಿಂಕ್ಲರ್ ಪೈಪುಗಳನ್ನು ಅತ್ತಿಗುಂಡಿಯಲ್ಲಿರುವ ಅವರ ಇನ್ನೊಂದು ತೋಟಕ್ಕೆ ಕಳಿಸಲು ಜೀಪಿಗೆ ತುಂಬಿಸುತ್ತಿದ್ದಾನೆ! "ಮಾಪಕ ಕೆಟ್ಟಿತ್ತು ಅಂದ್ಬಿಡು" ಎಂದರು ಯಜಮಾನರು. ಪಾಪದ ಮಾಪಕದ ಮೇಲೆ ನಾನೇಕೆ ಹೊರಿಸಲಿ? ಫೋನೆತ್ತಿದೆ. "ಶಿವಣ್ಣ, ಪೈಪ್ ಕಳಿಸ್ಬೇಡಿ. ಮಳೆ ಇಪ್ಪತ್ತೇ. ನೂರಾ ಹತ್ತು ನನ್ನ ಗುಂಡಿ. ನಾನು ಗೇಮ್ ಆಡ್ತಿದ್ದೆ."

"ಗೇಮಾ ಅಕ್ಕ? ಈ ವಯಸ್ಸಿನಲ್ಲಾ?"

"ಹೌದು. ತಪ್ಪು ಮಳೆ ಹೇಳಿದ್ದಕ್ಕೆ ಕ್ಷಮಿಸಿ. ಆಡಿದ್ದಕ್ಕಲ್ಲ."

ಪೈಪುಗಳು ಜೀಪಿನಿಂದ ಇಳಿದವು, ಹೂವೂ ಉಳಿಯಿತು. ಅಂದಿನಿಂದ ಶಿವಣ್ಣ ನನ್ನ ದನಿ ಕೇಳಿದೊಡನೆ "ಯಜಮಾನ್ರಿಗೆ ಫೋನ್ ಕೊಡಿ ಅಕ್ಕ" ಎನ್ನುತ್ತಾರೆ. ಮಳೆ ಖಾತೆ ನನ್ನ ಕೈಬಿಟ್ಟಿತು, ಹೋದರೆ ಹೋಗಲಿ! ಈಗ ಯಾರ ಕಾಟವೂ ಇಲ್ಲದೆ ರಾಜಾರೋಷವಾಗಿ ಆಡುತ್ತೇನೆ. ಆದರೆ ಆ ಕತ್ತರಿಯನ್ನು ಇವತ್ತಿನವರೆಗೂ ದಾಟಲಾಗಿಲ್ಲ. ಮೊದಲಾದರೆ ಫೋನು ಬಂದು ಕೆಡಿಸಿತು ಎನ್ನಬಹುದಿತ್ತು. ಈಗ ಅದೂ ಇಲ್ಲ.